ಒಂದೇ ಕರ್ನಲ್, ಹಲವು ಪ್ರೊಸೆಸರ್: ಲಿನಕ್ಸ್ ಕರ್ನಲನ್ನು ಯಂತ್ರಕ್ಕೆ ತಕ್ಕಂತೆ ಹೊಂದಿಸುವ ಬಗೆ

(ಗಡಿನಾಡ ಕನ್ನಡ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)



ನಾನು ಕಾಸರಗೋಡು ಕಡೆಯವಳು, ಕನ್ನಡ ಎಂ.ಎ. ವಿದ್ಯಾರ್ಥಿನಿ. ಕನ್ನಡ ಓದುವವಳಿಗೆ ಕರ್ನಲಿನ ಉಸಾಬರಿ ಯಾಕೆ ಅಂತ ನಿಮಗೆ ಅನ್ನಿಸಬಹುದು. ಕಾರಣ ಇಷ್ಟೇ. ನಮ್ಮ ಅಜ್ಜ ಕೈಯಲ್ಲಿ ಬರೆದಿಟ್ಟ ಯಕ್ಷಗಾನ ಪ್ರಸಂಗದ ಪುಸ್ತಕಗಳು ಮನೆಯಲ್ಲಿ ಉಂಟು. ಅವುಗಳ ಪುಟಪುಟದ ಫೋಟೊ ತೆಗೆದು, ಪ್ರತಿಯೊಂದು ಕಡತಕ್ಕೂ ಕನ್ನಡದಲ್ಲೇ ಪ್ರಸಂಗದ ಹೆಸರು, ಪುಟಸಂಖ್ಯೆ ಕೊಟ್ಟು ಪೆನ್‌ಡ್ರೈವಿಗೆ ಹಾಕಿದ್ದೆ. ಚಿಕ್ಕಪ್ಪ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪಿಗೆ ಅದನ್ನು ಚುಚ್ಚಿ ನೋಡಿದರೆ ಹೆಸರುಗಳೇ ಇಲ್ಲ. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು. ತೆರೆಯಲು ಹೋದರೆ ಒಂದೂ ತೆರೆಯಲಿಲ್ಲ. ಎರಡು ತಿಂಗಳ ಕೆಲಸ ಹೋಯಿತು ಅಂತ ಎದೆ ಧಸಕ್ ಅಂತು. ತಪ್ಪು ಪೆನ್‌ಡ್ರೈವಿನದ್ದಲ್ಲ, ಕರ್ನಲನ್ನು ಹೊಂದಿಸುವಾಗ ನಾನೇ ಮಾಡಿದ್ದು. ಅದು ಹೇಗಾಯಿತು ಅಂತ ಹೇಳುವ ಮೊದಲು ಕರ್ನಲಿನ ಆಯ್ಕೆಗಳು ಅಂದರೇನು ಅಂತ ನೋಡೋಣ.

೧. ಸಾಮಾನ್ಯ ಭಾಗ, ವಿಶೇಷ ಭಾಗ

ಯಂತ್ರಾಂಶಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ಕೂತು ಕೆಲಸ ಹಂಚುವುದು ಕರ್ನಲ್. ಮೆಮೊರಿ ಯಾರಿಗೆ ಎಷ್ಟು, ಪ್ರೊಸೆಸರ್ ಯಾರಿಗೆ ಎಷ್ಟು ಹೊತ್ತು, ಡಿಸ್ಕಿನಿಂದ ಓದುವುದು ಹೇಗೆ, ಇದೆಲ್ಲ ಅದರ ಜವಾಬ್ದಾರಿ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆಯಲು ತೊಡಗಿದಾಗ ಲಿನಕ್ಸ್ ಕರ್ನಲ್ ಇದ್ದದ್ದು ಇಂಟೆಲ್ 386 ಎಂಬ ಒಂದೇ ಪ್ರೊಸೆಸರಿಗೆ. 1995ರ 1.2ನೇ ಆವೃತ್ತಿಯ ಹೊತ್ತಿಗೆ ಆಲ್ಫಾ, ಮಿಪ್ಸ್, ಸ್ಪಾರ್ಕ್ ಸೇರಿಕೊಂಡವು.

ಹೀಗೆ ಹಲವು ಪ್ರೊಸೆಸರ್‌ಗಳಿಗೆ ಹಬ್ಬಿದಾಗ ಕರ್ನಲಿನ ಆಕರ ಎರಡು ಪಾಲಾಯಿತು. ಕಡತ ವ್ಯವಸ್ಥೆ, ನೆಟ್‌ವರ್ಕ್, ಕೆಲಸಗಳ ಸರದಿ, ಇವು ಎಲ್ಲ ಯಂತ್ರಕ್ಕೂ ಸಾಮಾನ್ಯ. ಯಂತ್ರ ಏಳುವಾಗಿನ ಮೊದಲ ಹೆಜ್ಜೆ, ಮೆಮೊರಿಯ ಪುಟಪಟ್ಟಿ, ಇಂಟರಪ್ಟ್ ಹಿಡಿಯುವ ರೀತಿ, ಇವು ಒಂದೊಂದು ಪ್ರೊಸೆಸರಿಗೆ ಒಂದೊಂದು ಥರ. ಇಂಥವು 'ಆರ್ಚ್' ಎಂಬ ಕಡತಕೋಶದ ಒಳಗೆ ಪ್ರತ್ಯೇಕ ಮನೆ ಮಾಡಿಕೊಂಡಿವೆ: ಎಕ್ಸ್86, ಆರ್ಮ್, ಆರ್ಮ್64, ರಿಸ್ಕ್‌ವಿ, ಪವರ್‌ಪಿಸಿ ಹೀಗೆ. ನಮ್ಮ ವ್ಯಾಕರಣದ ಕ್ಲಾಸಿನ ಮಾತಲ್ಲಿ ಹೇಳುವುದಾದರೆ ಸಾಮಾನ್ಯ ಸೂತ್ರ ಒಂದು ಕಡೆ, ವಿಶೇಷ ಸೂತ್ರ ಇನ್ನೊಂದು ಕಡೆ.

ಯಾವುದು ಸಾಮಾನ್ಯ, ಯಾವುದು ವಿಶೇಷ ಅನ್ನುವ ಗೆರೆಯೂ ಸ್ಥಿರವಲ್ಲ. 32 ಬಿಟ್ ಮತ್ತು 64 ಬಿಟ್ ಇಂಟೆಲ್ ಮಾದರಿಗಳಿಗೆ ಮೊದಲು ಬೇರೆಬೇರೆ ಕೋಶ ಇತ್ತು. ಒಂದರಲ್ಲಿ ತಿದ್ದಿದ್ದನ್ನು ಇನ್ನೊಂದರಲ್ಲಿ ಮರೆಯುವುದು ಜಾಸ್ತಿಯಾಗಿ, 2008ರ 2.6.24ನೇ ಆವೃತ್ತಿಯಲ್ಲಿ ಎರಡನ್ನೂ ಒಂದೇ ಎಕ್ಸ್86 ಕೋಶದಲ್ಲಿ ಸೇರಿಸಿದರು.

೨. ಆಯ್ಕೆಗಳ ಭಾಷೆ

ಕರ್ನಲಿನಲ್ಲಿ ಆಯ್ಕೆಗಳು ಸಾವಿರಾರು. ಅವುಗಳನ್ನು ಬರೆಯಲು 'ಕೆಕಾನ್ಫಿಗ್' ಎಂಬ ಪುಟ್ಟ ಭಾಷೆ ಉಂಟು, 2002ರಿಂದ ಬಳಕೆಯಲ್ಲಿದೆ. ಅದರಲ್ಲಿ ಮುಖ್ಯವಾದವು ನಾಲ್ಕೇ ವಿಷಯ.

ಮೊದಲನೆಯದು ಉತ್ತರ. ಒಂದು ಆಯ್ಕೆಗೆ 'ವೈ' ಅಂದರೆ ಅದು ಕರ್ನಲಿನೊಳಗೇ ಸೇರಿಕೊಳ್ಳುತ್ತದೆ. 'ಎಂ' ಅಂದರೆ ಮಾಡ್ಯೂಲ್ ಆಗಿ ಹೊರಗಿದ್ದು ಬೇಕಾದಾಗ ಬರುತ್ತದೆ. 'ಎನ್' ಅಂದರೆ ಇಲ್ಲ. ಎರಡನೆಯದು 'ಡಿಪೆಂಡ್ಸ್ ಆನ್': ಶರತ್ತು ಪೂರೈಸಿದರೆ ಮಾತ್ರ ಆ ಆಯ್ಕೆ ಕಣ್ಣಿಗೆ ಬೀಳುತ್ತದೆ. ಆರ್ಮ್ ಕರ್ನಲ್ ಕಟ್ಟುವಾಗ ಇಂಟೆಲ್ ಪ್ರೊಸೆಸರಿನ ಪಟ್ಟಿ ಕಾಣದೆ ಇರುವುದು ಇದರಿಂದಲೇ. ಮೂರನೆಯದು 'ಸೆಲೆಕ್ಟ್': ಒಂದನ್ನು ಆರಿಸಿದರೆ ಇನ್ನೊಂದು ತಾನಾಗಿ ಬರುತ್ತದೆ. ಇದರಲ್ಲಿ ಸ್ವಲ್ಪ ಜಾಗ್ರತೆ ಬೇಕು. ಎಳೆದುಕೊಂಡು ಬಂದ ಆಯ್ಕೆಗೆ ಅದರದ್ದೇ ಶರತ್ತು ಪೂರೈಸಿದೆಯೋ ಇಲ್ಲವೋ ಅಂತ 'ಸೆಲೆಕ್ಟ್' ನೋಡುವುದಿಲ್ಲ. ನಾಲ್ಕನೆಯದು 'ಡಿಫಾಲ್ಟ್': ನಾವು ಏನೂ ಹೇಳದಿದ್ದರೆ ಅದೇ ಉತ್ತರ.

ಎಲ್ಲ ಉತ್ತರಗಳೂ 'ಡಾಟ್ ಕಾನ್ಫಿಗ್' ಎಂಬ ಒಂದು ಪಠ್ಯ ಕಡತದಲ್ಲಿ ಕೂತಿರುತ್ತವೆ. 'ಮೇಕ್ ಡೆಫ್‌ಕಾನ್ಫಿಗ್' ಅಂದರೆ ಆ ಪ್ರೊಸೆಸರ್ ಮನೆತನಕ್ಕೆ ಹಿರಿಯರು ಹಾಕಿಕೊಟ್ಟ ಉತ್ತರಗಳು. 'ಮೇಕ್ ಮೆನುಕಾನ್ಫಿಗ್' ಅಂದರೆ ಪಟ್ಟಿ ತೆರೆದು ಒಂದೊಂದಾಗಿ ನಾವೇ ಆರಿಸುವುದು. 'ಓಲ್ಡ್‌ಡೆಫ್‌ಕಾನ್ಫಿಗ್' ಅಂದರೆ ಹಳೆಯ ಉತ್ತರಗಳನ್ನು ಉಳಿಸಿಕೊಂಡು, ಹೊಸ ಪ್ರಶ್ನೆಗಳಿಗೆ ಡಿಫಾಲ್ಟ್ ತುಂಬಿಸುವುದು. 'ಲೋಕಲ್‌ಮಾಡ್‌ಕಾನ್ಫಿಗ್' ಅಂದರೆ ಈ ಕ್ಷಣ ಯಂತ್ರದಲ್ಲಿ ಕೆಲಸ ಮಾಡುತ್ತಿರುವ ಮಾಡ್ಯೂಲುಗಳನ್ನು ಮಾತ್ರ ಇಟ್ಟುಕೊಂಡು ಉಳಿದ ಮಾಡ್ಯೂಲುಗಳನ್ನು ಬಿಟ್ಟುಬಿಡುವುದು. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ. ನನ್ನ ಕಥೆ ಅಲ್ಲೇ ಉಂಟು.

೩. ಮೂರು ಯಂತ್ರ, ಮೂರು ಬಗೆ

ನಾನು ಕೈಯಾರೆ ಕರ್ನಲ್ ಕಟ್ಟಿದ ಮೂರು ಯಂತ್ರಗಳನ್ನೇ ಉದಾಹರಣೆ ಕೊಡ್ತೇನೆ.

ಮೊದಲನೆಯದು ಚಿಕ್ಕಪ್ಪನ ಲ್ಯಾಪ್‌ಟಾಪ್: ಪೆಂಟಿಯಂ ಎಂ, 32 ಬಿಟ್, 1 ಜಿಬಿ ಮೆಮೊರಿ. ಇಲ್ಲಿ ತಲೆ ಕೆಡಿಸಿದ್ದು 'ಹೈ ಮೆಮೊರಿ' ಎಂಬ ಆಯ್ಕೆ. 32 ಬಿಟ್ ಕರ್ನಲ್ ಸಾಮಾನ್ಯವಾಗಿ ನೇರವಾಗಿ ಮುಟ್ಟಬಲ್ಲದ್ದು ಸುಮಾರು 896 ಎಂಬಿ ಮಾತ್ರ. ಆಯ್ಕೆಯನ್ನು ಬಿಟ್ಟರೆ ಉಳಿದ 128 ಎಂಬಿ ಇದ್ದೂ ಇಲ್ಲದ ಹಾಗೆ. 4 ಜಿಬಿ ಎಂಬುದನ್ನು ಆರಿಸಿದರೆ ಸರಿಯಾಗುತ್ತದೆ. ಹಾಗಾದರೆ ದೊಡ್ಡದೇ ಇರಲಿ ಅಂತ 64 ಜಿಬಿ ಆರಿಸಿದರೋ? ಅದಕ್ಕೆ ಪ್ರೊಸೆಸರಿನಲ್ಲಿ ಪಿಎಇ ಎಂಬ ಸೌಲಭ್ಯ ಬೇಕು. ಮೊದಮೊದಲ ಕೆಲವು ಪೆಂಟಿಯಂ ಎಂ ಪ್ರೊಸೆಸರ್‌ಗಳು ಅದು ತಮ್ಮಲ್ಲಿ ಉಂಟು ಅಂತ ಹೇಳಿಕೊಳ್ಳುವುದೇ ಇಲ್ಲ, ಯಂತ್ರ ಏಳುವುದಿಲ್ಲ. ಹೆಚ್ಚು ಸೌಲಭ್ಯಕ್ಕೆ 'ಹೌದು' ಅಂದದ್ದೇ ಇಲ್ಲಿ ಯಂತ್ರವನ್ನು ಹೊರಗಿಡುತ್ತದೆ.

ಎರಡನೆಯದು 64 ಬಿಟ್ ಡೆಸ್ಕ್‌ಟಾಪ್. ಇಲ್ಲಿ ಹೈ ಮೆಮೊರಿಯ ತಲೆನೋವಿಲ್ಲ. ಪ್ರೊಸೆಸರ್ ಪಟ್ಟಿಯಲ್ಲಿ 'ಜೆನೆರಿಕ್' ಅಂತ ಬಿಟ್ಟರೆ ಸಾಕು. ಅದರಿಂದ ವೇಗ ಹೋಗುವುದಿಲ್ಲವಾ? ಹೆಚ್ಚೇನೂ ಇಲ್ಲ. ಏಳುವಾಗಲೇ ಕರ್ನಲ್ ಪ್ರೊಸೆಸರಿನ ಗುಣಗಳನ್ನು ಕೇಳಿ ತಿಳಿದುಕೊಂಡು, ಅದಕ್ಕೆ ತಕ್ಕ ಸೂಚನೆಗಳನ್ನು ತನ್ನೊಳಗೇ ಬದಲಿಸಿಕೊಳ್ಳುತ್ತದೆ. ಉಳಿದೆರಡು ಯಂತ್ರಗಳ ಕರ್ನಲನ್ನೂ ನಾನು ಕಟ್ಟಿದ್ದು ಇದರ ಮೇಲೆಯೇ. ಲ್ಯಾಪ್‌ಟಾಪಿನಲ್ಲಿ ಕಟ್ಟಲು ಹೋದರೆ ರಾತ್ರಿ ಶುರು ಮಾಡಿದ್ದು ಬೆಳಿಗ್ಗೆಯೂ ಮುಗಿದಿರಲಿಲ್ಲ, ಮಾರಾಯ್ರೆ.

ಮೂರನೆಯದು ರಾಸ್ಪ್‌ಬೆರಿ ಪೈ 4, ಆರ್ಮ್64. ಪಿಸಿಗೂ ಇದಕ್ಕೂ ಮೂಲದಲ್ಲೇ ಒಂದು ವ್ಯತ್ಯಾಸ ಉಂಟು. ಪಿಸಿಯಲ್ಲಿ ಹೆಚ್ಚಿನ ಸಾಧನಗಳು ಕೇಳಿದರೆ ತಮ್ಮ ಹೆಸರು ಹೇಳುತ್ತವೆ. ಆರ್ಮ್ ಚಿಪ್ಪಿನೊಳಗಿನ ಸಾಧನಗಳು ಹೇಳುವುದಿಲ್ಲ. ಯಾವುದು ಎಲ್ಲಿದೆ ಅಂತ ಕರ್ನಲಿಗೆ ಮೊದಲೇ ಬರೆದುಕೊಡಬೇಕು. ಹಿಂದೆ ಒಂದೊಂದು ಬೋರ್ಡಿಗೂ ಒಂದೊಂದು ಸಿ ಕಡತ ಬರೆಯುತ್ತಿದ್ದರು. ಅದು ರಾಶಿ ಬೆಳೆದು 2011ರಲ್ಲಿ ಟೊರ್ವಾಲ್ಡ್ಸ್ ಬಹಿರಂಗವಾಗಿಯೇ ಸಿಟ್ಟಾದರು. ಆಮೇಲೆ ಆ ವಿವರಗಳು ಕ್ರಮೇಣ 'ಡಿವೈಸ್ ಟ್ರೀ' ಎಂಬ ಪ್ರತ್ಯೇಕ ಕಡತಗಳಿಗೆ ಹೋದವು. 2012ರ ಡಿಸೆಂಬರಿನಲ್ಲಿ ಬಂದ 3.7ನೇ ಆವೃತ್ತಿಯಿಂದ, ಒಂದೇ ಆರ್ಮ್ ಕರ್ನಲ್ ಬೇರೆಬೇರೆ ಕಂಪನಿಗಳ ಚಿಪ್ಪುಗಳಲ್ಲಿ ಏಳುವ ಹಾದಿ ತೆರೆಯಿತು. ನಾನು ಮಾಡಿದ್ದು ಇಷ್ಟೇ: ಆರ್ಚ್ ಆರ್ಮ್64 ಅಂತ ಹೇಳಿ, ಅಡ್ಡ ಕಂಪೈಲರ್ ಕೊಟ್ಟು, ಪೈಯವರು ಸಿದ್ಧಪಡಿಸಿದ ಬಿಸಿಎಂ2711 ಡೆಫ್‌ಕಾನ್ಫಿಗ್‌ನಿಂದ ಶುರು ಮಾಡಿದೆ.

ಆರ್ಮ್64ರಲ್ಲಿ ಮೆಮೊರಿ ಪುಟದ ಗಾತ್ರವನ್ನೂ ಆರಿಸಬಹುದು: 4, 16 ಅಥವಾ 64 ಕೆಬಿ. ಪೈ 5ಕ್ಕೆ ಬರುವ ಕರ್ನಲ್ 16 ಕೆಬಿಯದ್ದು. ದೊಡ್ಡ ಪುಟದಿಂದ ವಿಳಾಸ ಹುಡುಕುವ ಕೆಲಸ ಕಡಿಮೆ. ಆದರೆ ಪುಟ ಯಾವಾಗಲೂ 4 ಕೆಬಿ ಅಂತ ನಂಬಿಕೊಂಡು ಬರೆದ ತಂತ್ರಾಂಶ ಅಲ್ಲಿ ಮುಗ್ಗರಿಸುತ್ತದೆ.

ನಾಲ್ಕನೆಯದನ್ನು ನಾನು ಕಟ್ಟಿಲ್ಲ, ಹೆಸರು ಮಾತ್ರ ಹೇಳ್ತೇನೆ: ರಿಸ್ಕ್‌ವಿ. 2018ರ 4.15ನೇ ಆವೃತ್ತಿಯಲ್ಲಿ ಕರ್ನಲಿಗೆ ಬಂತು. ಮದ್ರಾಸ್ ಐಐಟಿಯ 'ಶಕ್ತಿ' ಪ್ರೊಸೆಸರ್‌ಗಳು ಇದೇ ಮನೆತನದವು.

೪. ಪ್ರಶ್ನಾರ್ಥಕ ಚಿಹ್ನೆಗಳು ಎಲ್ಲಿಂದ ಬಂದವು

ಈಗ ನನ್ನ ತಪ್ಪಿಗೆ ಬರ್ತೇನೆ. ಲ್ಯಾಪ್‌ಟಾಪ್ ಹಗುರಾಗಲಿ ಅಂತ 'ಲೋಕಲ್‌ಮಾಡ್‌ಕಾನ್ಫಿಗ್' ಓಡಿಸಿದೆ. ಆಗ ಪೆನ್‌ಡ್ರೈವ್ ಚುಚ್ಚಿರಲಿಲ್ಲ. ಹಾಗಾಗಿ ಪೆನ್‌ಡ್ರೈವಿನ ಕಡತ ವ್ಯವಸ್ಥೆಯಾದ ವಿಫ್ಯಾಟ್ ಪಟ್ಟಿಯಿಂದಲೇ ಹೋಯಿತು. ಅದನ್ನು ಅವಲಂಬಿಸಿದ್ದ ಆಯ್ಕೆಗಳೂ ಅದರ ಜೊತೆ ಹೋದವು.

ಆಮೇಲೆ ಗೊತ್ತಾಗಿ ವಿಫ್ಯಾಟನ್ನು ಕೈಯಾರೆ ವಾಪಸ್ ಹಾಕಿದೆ. ಆದರೆ ಅದರ ಕೆಳಗಿನ ಆಯ್ಕೆಗಳು ಮೊದಲಿನ ಉತ್ತರದೊಂದಿಗೆ ಬರಲಿಲ್ಲ, ಡಿಫಾಲ್ಟ್ ಉತ್ತರದೊಂದಿಗೆ ಬಂದವು. ವಿಫ್ಯಾಟಿನಲ್ಲಿ ಉದ್ದದ ಹೆಸರುಗಳು ಯೂನಿಕೋಡಿನಲ್ಲೇ ಇರುತ್ತವೆ. ಕರ್ನಲ್ ಅವನ್ನು ನಮಗೆ ತೋರಿಸುವ ಮೊದಲು ಒಂದು ಲಿಪಿಸಂಕೇತಕ್ಕೆ ತಿರುಗಿಸುತ್ತದೆ. ಆ ಸಂಕೇತದ ಡಿಫಾಲ್ಟ್ ಐಎಸ್‌ಒ 8859-1, ಪಶ್ಚಿಮ ಯುರೋಪಿನ ಭಾಷೆಗಳದ್ದು. ಅದರಲ್ಲಿ ಕನ್ನಡದ ಒಂದಕ್ಷರಕ್ಕೂ ಜಾಗ ಇಲ್ಲ. ಜಾಗ ಇಲ್ಲದ ಅಕ್ಷರಕ್ಕೆ ಕರ್ನಲ್ ಪ್ರಶ್ನಾರ್ಥಕ ಚಿಹ್ನೆ ಹಾಕಿತು. 'ಫ್ಯಾಟ್‌ಗೆ ಡಿಫಾಲ್ಟ್ ಯುಟಿಎಫ್-8' ಎಂಬ ಒಂದು ಆಯ್ಕೆಗೆ 'ವೈ' ಅಂದಿದ್ದರೆ ಮುಗಿದಿತ್ತು. ಹಾಗೆ ಮಾಡಿ ಮತ್ತೆ ಕಟ್ಟಿದೆ. ಅಜ್ಜನ ಪ್ರಸಂಗಗಳೆಲ್ಲ ಹೆಸರು ಸಮೇತ ಕಾಣಿಸಿಕೊಂಡವು. ನಿಜ ಹೇಳಬೇಕಂದ್ರೆ ಮರುಕಟ್ಟುವ ಅಗತ್ಯವೂ ಇರಲಿಲ್ಲ. ಮೌಂಟ್ ಮಾಡುವಾಗ 'ಯುಟಿಎಫ್8' ಅಂತ ಹೇಳಿದ್ದರೂ ಆಗುತ್ತಿತ್ತು. ಅದು ಆಮೇಲೆ ತಿಳಿದದ್ದು.

ಇದರಿಂದ ನಾನು ಕಲಿತ ಕೆಲವು ಮಾತು. ಒಂದು, ಮಾಡ್ಯೂಲು ಕಡಿಮೆ ಮಾಡುವ ಮೊದಲು ನಮ್ಮ ಪ್ರಿಂಟರ್, ಪೆನ್‌ಡ್ರೈವ್, ಕ್ಯಾಮೆರಾ ಎಲ್ಲವನ್ನೂ ಒಮ್ಮೆ ಚುಚ್ಚಿರಬೇಕು. ಎರಡು, ಮೂಲ ಡಿಸ್ಕಿನ ಕಡತ ವ್ಯವಸ್ಥೆಗೆ 'ಎಂ' ಅಂದರೆ ಅದನ್ನು ಒದಗಿಸುವ ಇನಿಟ್‌ರಾಮ್‌ಎಫ್‌ಎಸ್ ಇರಲೇಬೇಕು. ಇಲ್ಲದಿದ್ದರೆ 'ವೈ' ಅನ್ನಿ. ಡಿಸ್ಕ್ ಓದುವ ಮಾಡ್ಯೂಲು ಡಿಸ್ಕಿನೊಳಗೇ ಇದ್ದರೆ ಕರ್ನಲ್ ಅದನ್ನು ತರುವುದು ಎಲ್ಲಿಂದ? ಮೂರು, ಹಳೆಯ ಕರ್ನಲನ್ನು ಅಳಿಸಬೇಡಿ. ಹೊಸದಕ್ಕೆ ಬೇರೆ ಹೆಸರು ಕೊಡಿ, ಏಳುವಾಗಿನ ಪಟ್ಟಿಯಲ್ಲಿ ಎರಡೂ ಇರಲಿ. ನಾಲ್ಕು, ಡಾಟ್ ಕಾನ್ಫಿಗ್ ಕಡತವನ್ನು ತೆಗೆದಿಡಿ.

೫. ಯಾವುದು ಉಳಿಯುತ್ತದೆ

ಕೊನೆಗೆ ಒಂದು ಮಾತು. ಯಾವ ಪ್ರೊಸೆಸರ್ ಕರ್ನಲಿನಲ್ಲಿ ಉಳಿಯುತ್ತದೆ? ಮೊದಲು ಬಂದದ್ದು ಉಳಿಯುತ್ತದೆ ಅನ್ನುವ ಹಾಗಿಲ್ಲ: ಲಿನಕ್ಸ್ ಹುಟ್ಟಿದ 386ನ್ನೇ 2013ರ 3.8ನೇ ಆವೃತ್ತಿಯಲ್ಲಿ ತೆಗೆದರು. ದೊಡ್ಡ ಕಂಪನಿಯದ್ದು ಉಳಿಯುತ್ತದೆ ಅನ್ನುವ ಹಾಗೂ ಇಲ್ಲ: ಇಂಟೆಲ್ ಮತ್ತು ಎಚ್‌ಪಿ ಸೇರಿ ತಂದ ಇಟಾನಿಯಂ 2024ರ 6.7ನೇ ಆವೃತ್ತಿಯಲ್ಲಿ ಹೋಯಿತು. ಆದರೆ ಹಳೆಯ ಅಮಿಗಾ, ಅಟಾರಿ ಕಂಪ್ಯೂಟರುಗಳಲ್ಲಿದ್ದ ಮೊಟೊರೊಲಾ 68000 ಮನೆತನ ಇನ್ನೂ ಉಂಟು. ಯಾಕಂದರೆ ಹೊಸ ಆವೃತ್ತಿ ಬಂದಾಗಲೆಲ್ಲ ಅದನ್ನು ಕಟ್ಟಿ, ಪರೀಕ್ಷೆ ಮಾಡಿ, ಕೆಟ್ಟದ್ದನ್ನು ತಿದ್ದುವ ಒಂದಷ್ಟು ಜನ ಇದ್ದಾರೆ. ಸಂಖ್ಯೆ ಎಷ್ಟು ಅನ್ನುವುದಕ್ಕಿಂತ ನೋಡಿಕೊಳ್ಳುವವರು ಇದ್ದಾರಾ ಅನ್ನುವುದೇ ಅಲ್ಲಿ ಮುಖ್ಯ. ಹಾಜರಿ ಪಟ್ಟಿ ನೋಡಿ ಕನ್ನಡದ ಕ್ಲಾಸು ಇರಬೇಕೋ ಬೇಡವೋ ಅಂತ ಲೆಕ್ಕ ಹಾಕುವ ಊರುಗಳಿಂದ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚರ್ಚೆಯಿಂದ

ಪ್ರಶ್ನೆ (ಸೊಲ್ಲಾಪುರ ಕಡೆಯ ವಿದ್ಯಾರ್ಥಿ): ನಮ್ಮ ಕಡೆ ಹಳೇ ಕಂಪ್ಯೂಟರ್ ಭಾಳ ಅದಾವ್ರಿ. ಎಲ್ಲಾದಕ್ಕೂ ಹಿಂಗ ಕರ್ನಲ್ ಕಟ್ಟಬೇಕೇನ್ರಿ?

ಉತ್ತರ: ಬೇಡ, ಅಣ್ಣ. ಮೊದಲು ಸಿದ್ಧ ಕರ್ನಲ್ ಹಾಕಿ ನೋಡಿ. 'ಎಲ್‌ಎಸ್‌ಸಿಪಿಯು' ಎಂಬ ಆದೇಶ ಕೊಟ್ಟು 64 ಬಿಟ್ ಆಗುತ್ತದಾ ಅಂತ ತಿಳಿಯಿರಿ. 32 ಬಿಟ್ ವಿಂಡೋಸ್ ಹಾಕಿಟ್ಟ ಎಷ್ಟೋ ಯಂತ್ರಗಳ ಪ್ರೊಸೆಸರ್ ನಿಜಕ್ಕೂ 64 ಬಿಟ್. ನಿಜವಾಗಿ 32 ಬಿಟ್ ಆದರೆ ಒಂದು ಎಚ್ಚರ: 2025ರಲ್ಲಿ ಬಂದ ಡೆಬಿಯನ್ 13ರಲ್ಲಿ ಅಂಥ ಪಿಸಿಗಳಿಗೆ ಕರ್ನಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ನನ್ನ ಲ್ಯಾಪ್‌ಟಾಪ್ ಇರುವುದು 12ರಲ್ಲೇ.

ಪ್ರಶ್ನೆ (ತಾಳವಾಡಿಯಿಂದ ಒಬ್ಬರು ಮೇಡಂ): ಯಂತ್ರ ಏಳುವಾಗ ಕಪ್ಪು ಪರದೆಯ ಮೇಲೆ ಬರುವ ಅಕ್ಷರಗಳಲ್ಲಿ ಕನ್ನಡ ಯಾಕೆ ಬರುವುದಿಲ್ಲ?

ಉತ್ತರ: ಮೇಡಂ, ಕರ್ನಲಿನ ಆ ಕನ್ಸೋಲಿನ ಫಾಂಟಿನಲ್ಲಿ ಹೆಚ್ಚೆಂದರೆ 512 ಅಕ್ಷರರೂಪಗಳಿಗೆ ಜಾಗ. ಜೊತೆಗೆ ಒತ್ತಕ್ಷರ, ಗುಣಿತ ಜೋಡಿಸುವ ವ್ಯವಸ್ಥೆ ಅದರಲ್ಲಿಲ್ಲ. ಆ ಕೆಲಸ ನಡೆಯುವುದು ಕರ್ನಲಿನ ಹೊರಗೆ, ಹಾರ್ಫ್‌ಬಜ್‌ನಂಥ ತಂತ್ರಾಂಶದಲ್ಲಿ. ಅದಕ್ಕೇ ಚಿತ್ರಪರದೆ ಬಂದ ಮೇಲೆ ಕನ್ನಡ ಸರಿಯಾಗಿ ಕಾಣುವುದು. ಕರ್ನಲಿನಿಂದ ನಾವು ಕೇಳುವುದು ನಮ್ಮ ಅಕ್ಷರಗಳನ್ನು ಕೆಡಿಸದೆ ದಾಟಿಸಿಕೊಡು ಅಂತ, ಅಷ್ಟೇ. ಅಷ್ಟನ್ನು ಅದು ಮಾಡುತ್ತದೆ, ನಾವು 'ವೈ' ಅಂದಿದ್ದರೆ.