ಹಳೆಯ ಫ್ಲ್ಯಾಶ್, ಹೊಸ ಕ್ಯಾಮೆರಾ: ಜೋಡಿಸುವ ಮುನ್ನ ವೋಲ್ಟೇಜ್ ಅಳೆಯಿರಿ

ಕಡೂರು, ತರೀಕೆರೆ, ಅಜ್ಜಂಪುರದ ಮದುವೆ ಮಂಟಪಗಳಲ್ಲಿ ರೀಲಿನ ಕಾಲದಲ್ಲಿ ಮಿಂಚಿದಂಥ ಫ್ಲ್ಯಾಶ್‌ಗಳು ಇಂದಿಗೂ ಬೆಳಕು ನೀಡಬಲ್ಲವು. ಆದರೆ ಪರೀಕ್ಷಿಸದೆ ಅವನ್ನು ಡಿಜಿಟಲ್ ಕ್ಯಾಮೆರಾದ ನೆತ್ತಿಗೇರಿಸುವುದು ಅಪಾಯಕರ.

ಹಳೆಯ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಬೆಳಗಿಸುತ್ತಿದ್ದುದು ಲೋಹದ ಸರಳ ಸ್ವಿಚ್; ಎಷ್ಟೇ ವೋಲ್ಟೇಜ್ ಬಂದರೂ ಅದು ತಾಳಿಕೊಳ್ಳುತ್ತಿತ್ತು. ಈಗ ಆ ಕೆಲಸ ಸೂಕ್ಷ್ಮ ಎಲೆಕ್ಟ್ರಾನಿಕ್ ಬಿಡಿಭಾಗದ್ದು. ವಿವಿಟಾರ್ 283ರ ಆರಂಭದ ಜಪಾನ್ ನಿರ್ಮಿತ ಫ್ಲ್ಯಾಶ್‌ಗಳಲ್ಲಿ ಟ್ರಿಗರ್ ವೋಲ್ಟೇಜ್ 200 ದಾಟುವುದುಂಟು. ಅದೇ ಹೆಸರಿನ ನಂತರದವುಗಳಲ್ಲಿ ಅದು ಸುಮಾರು 10 ಮಾತ್ರ. ಆದ್ದರಿಂದ ಹೆಸರನ್ನು ನಂಬುವಂತಿಲ್ಲ. ನಿಕಾನ್‌ನ ಹಲವು ಮಾದರಿಗಳು 250 ವೋಲ್ಟ್ ಸಹಿಸುತ್ತವೆ. ಕ್ಯಾನನ್‌ನ ಕೆಲವು ಆರಂಭಿಕ ಡಿಜಿಟಲ್ ಕ್ಯಾಮೆರಾಗಳಿಗೆ 6 ವೋಲ್ಟೇ ಸುರಕ್ಷಿತ ಮಿತಿಯೆನ್ನಲಾಗಿತ್ತು. ಕೈಪಿಡಿಯೇ ಪ್ರಮಾಣ.

ಅಳೆಯುವುದು ಸುಲಭ. ಹೊಸ ಬ್ಯಾಟರಿ ಹಾಕಿ, ಸಿದ್ಧದೀಪ ಹೊತ್ತಿದ ಮೇಲೆ, ಡಿಜಿಟಲ್ ಮಲ್ಟಿಮೀಟರನ್ನು ಡಿಸಿ ವಿಭಾಗದ ಗರಿಷ್ಠ ಮಿತಿಗಿರಿಸಿ, ಕೆಂಪು ತಂತಿಯನ್ನು ಫ್ಲ್ಯಾಶ್ ಪಾದದ ನಡುವಿನ ಬಿಂದುವಿಗೂ ಕಪ್ಪನ್ನು ಅಂಚಿನ ಲೋಹಕ್ಕೂ ತಾಗಿಸಬೇಕು.

ವೋಲ್ಟೇಜ್ ಹೆಚ್ಚಿದ್ದರೆ ಅದನ್ನು ತಗ್ಗಿಸುವ ಅಡಾಪ್ಟರ್ ಬಳಸಬಹುದು. ಇಲ್ಲವೇ ಬೆಳಕಿಗೆ ಸ್ಪಂದಿಸುವ ಸ್ಲೇವ್ ಜೋಡಿಸಿ ಫ್ಲ್ಯಾಶನ್ನು ದೂರವಿಡಬಹುದು. ರಿಪೇರಿಯ ಆಸೆಯಿಂದ ಅದನ್ನು ಬಿಚ್ಚಲೇಬಾರದು: ಬ್ಯಾಟರಿ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಉಳಿದಿರಬಹುದು. ಟಿಟಿಎಲ್ ನಡೆಯದು, ಕ್ಯಾಮೆರಾವನ್ನು ಮ್ಯಾನುಯಲ್‌ನಲ್ಲಿರಿಸಿ, ಫ್ಲ್ಯಾಶ್ ಬೆನ್ನಿನ ಪಟ್ಟಿ ನೋಡಿ ಅಪರ್ಚರ್ ಹೊಂದಿಸಿಕೊಳ್ಳಬೇಕು.