ಹೊರಗಿನ ಡಿಸ್ಕಿನಲ್ಲಿ ಇನ್ನೊಂದು ಆಪರೇಟಿಂಗ್ ಸಿಸ್ಟಮ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು; ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನದೋ ಆಮೇಲಿನದೋ ಆಗಿರಬೇಕು. ಹೀಗಾಗಿ ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಲ್ಯಾಪ್‌ಟಾಪುಗಳು ಅತಂತ್ರವಾಗಿವೆ. ಅವನ್ನು ಗುಜರಿಗೆ ಹಾಕಬೇಕಿಲ್ಲ, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಇನ್ನೂ ಹಲವು ವರ್ಷ ದುಡಿಯುತ್ತವೆ. ಆದರೆ ಟ್ಯಾಲಿ, ನುಡಿಯಂಥ ತಂತ್ರಾಂಶಗಳಿಗಾಗಿ ವಿಂಡೋಸನ್ನೂ ಉಳಿಸಿಕೊಳ್ಳಬೇಕಾದವರು ಏನು ಮಾಡಬೇಕು?

ಒಳಗಿನ ಡಿಸ್ಕನ್ನೇ ಎರಡು ಭಾಗ ಮಾಡುವುದು ಹಳೆಯ ಪದ್ಧತಿ. ಪಾರ್ಟಿಷನ್ ಕುಗ್ಗಿಸುವಾಗ ಕರೆಂಟ್ ಹೋದರೆ, ತಪ್ಪು ಭಾಗವನ್ನು ಫಾರ್ಮ್ಯಾಟ್ ಮಾಡಿದರೆ, ವರ್ಷಗಟ್ಟಲೆಯ ಫೋಟೋ, ಲೆಕ್ಕಪತ್ರ ಎಲ್ಲ ಹೋಗಬಹುದು. ಯುಎಸ್‌ಬಿಗೆ ಸಿಕ್ಕಿಸುವ ಪ್ರತ್ಯೇಕ ಎಸ್‌ಎಸ್‌ಡಿಯಲ್ಲಿ ಲಿನಕ್ಸ್ ಹಾಕುವುದೇ ಹೊಸಬರಿಗೆ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಲಿನಕ್ಸ್ ಹೊರಗಿನ ಡಿಸ್ಕಿಗೆ ಹೋದ ಮಾತ್ರಕ್ಕೆ ಎರಡೂ ಬೇರೆಬೇರೆಯಾದವು ಎಂದುಕೊಳ್ಳುವಂತಿಲ್ಲ.

ಏಕೆಂದರೆ ಪವರ್ ಬಟನ್ ಒತ್ತಿದಾಗ ಮೊದಲು ಏಳುವುದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ; ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಯುಇಎಫ್‌ಐ ಎಂಬ ಫರ್ಮ್‌ವೇರ್. ಯಾವ ಡಿಸ್ಕಿನ ಯಾವ ಬೂಟ್‌ಲೋಡರನ್ನು ಕರೆಯಬೇಕೆಂಬ ಪಟ್ಟಿ ಅದರ ಬಳಿ ಇರುತ್ತದೆ. ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ಈ ಬೂಟ್‌ಲೋಡರ್ ಇರುವುದು ಇಎಫ್‌ಐ ಪಾರ್ಟಿಷನ್ನಿನಲ್ಲಿ: ಕೆಲವು ನೂರು ಎಂಬಿಯ, ಫ್ಯಾಟ್32 ಮಾದರಿಯ ಪುಟ್ಟ ಜಾಗ. ಲಿನಕ್ಸಿನ ಒಂದು ಬಗೆಯಾದ ಉಬುಂಟುವಿನ ಹಳೆಯ ಇನ್‌ಸ್ಟಾಲರಿಗೆ ಒಂದು ದೋಷವಿತ್ತು. ಹೊರಗಿನ ಡಿಸ್ಕನ್ನೇ ಆರಿಸಿದರೂ ಅದು ಬೂಟ್‌ಲೋಡರನ್ನು ಒಳಗಿನ ಡಿಸ್ಕಿನ ಇಎಫ್‌ಐ ಪಾರ್ಟಿಷನ್ನಿಗೆ ಬರೆದುಬಿಡುತ್ತಿತ್ತು. ಆಮೇಲೆ ಹೊರಗಿನ ಡಿಸ್ಕ್ ಕಿತ್ತರೆ ಕಂಪ್ಯೂಟರ್ ಕಪ್ಪು ಪರದೆಯ ಮೇಲೆ ‘ಗ್ರಬ್’ ಎಂದು ಲಿನಕ್ಸಿನ ಬೂಟ್‌ಲೋಡರಿನ ಹೆಸರು ತೋರಿಸಿ ನಿಂತುಬಿಡುತ್ತದೆ. ವಿಂಡೋಸ್ ಅಳಿಸಿಹೋಯಿತೆಂದು ಜನ ಗಾಬರಿಯಾಗುತ್ತಾರೆ. ಅದು ಎಲ್ಲೂ ಹೋಗಿರುವುದಿಲ್ಲ. ಎಫ್12 ಅಥವಾ ಎಫ್9ರಂಥ ಕೀಲಿಯಿಂದ ಬೂಟ್ ಮೆನು ತೆರೆದು ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿದರೆ ಸಾಮಾನ್ಯವಾಗಿ ಎದ್ದು ಬರುತ್ತದೆ. ಇದೇ ತಪ್ಪಿನಿಂದ ಹೊರಗಿನ ಡಿಸ್ಕ್ ಬೇರೆ ಕಂಪ್ಯೂಟರಿನಲ್ಲಿ ಏಳುವುದೂ ಇಲ್ಲ.

ಇದನ್ನು ತಪ್ಪಿಸಲು, ಡೆಸ್ಕ್‌ಟಾಪ್ ಆದರೆ ಇನ್‌ಸ್ಟಾಲ್ ಮಾಡುವ ಮೊದಲು ಮೆಷಿನ್ ಆಫ್ ಮಾಡಿ ಒಳಗಿನ ಡಿಸ್ಕಿನ ಕೇಬಲ್ ಬಿಡಿಸಿಡಿ. ಕಾಣದ ಡಿಸ್ಕಿಗೆ ಯಾವ ಇನ್‌ಸ್ಟಾಲರೂ ಬರೆಯಲಾರದು. ಲ್ಯಾಪ್‌ಟಾಪಿನಲ್ಲಿ ಯುಇಎಫ್‌ಐ ಸೆಟಪ್ ಪರದೆಯಿಂದ ಒಳಗಿನ ಡಿಸ್ಕನ್ನು ನಿಷ್ಕ್ರಿಯಗೊಳಿಸಲು ಸಾಧ್ಯವೇ ನೋಡಿ. ಆಗದಿದ್ದರೆ ಹೊರಗಿನ ಡಿಸ್ಕಿನಲ್ಲೇ ಇಎಫ್‌ಐ ಪಾರ್ಟಿಷನ್ ಮಾಡಿ, ಬೂಟ್‌ಲೋಡರ್ ಅಲ್ಲಿಗೇ ಹೋಯಿತೇ ಎಂದು ಕೊನೆಗೆ ಪರೀಕ್ಷಿಸಿ.

ಪೆನ್‌ಡ್ರೈವಿನಲ್ಲೇ ಲಿನಕ್ಸ್ ಇಟ್ಟುಕೊಂಡರಾಗದೇ? ಆಗುತ್ತದೆ, ಆದರೆ ತಾಳ್ಮೆ ಕೆಡಿಸುತ್ತದೆ. ಆಪರೇಟಿಂಗ್ ಸಿಸ್ಟಮ್ ಸದಾ ಸಾವಿರಾರು ಸಣ್ಣ ಕಡತಗಳನ್ನು ಓದಿ ಬರೆಯುತ್ತಿರುತ್ತದೆ. ಅಗ್ಗದ ಪೆನ್‌ಡ್ರೈವುಗಳು ಸೋಲುವುದೇ ಅಲ್ಲಿ. ಎಸ್‌ಎಸ್‌ಡಿಯನ್ನೂ ಯುಎಸ್‌ಬಿ 3.0 ಪೋರ್ಟಿಗೇ ಹಾಕಿ. ಅದರ ವೇಗ ಸೆಕೆಂಡಿಗೆ 5 ಗಿಗಾಬಿಟ್, ಯುಎಸ್‌ಬಿ 2.0ದ್ದು 480 ಮೆಗಾಬಿಟ್ ಮಾತ್ರ.

ಇನ್ನೊಂದು ಸಣ್ಣ ತೊಡಕಿದೆ: ಲಿನಕ್ಸ್ ಬಳಸಿ ವಿಂಡೋಸಿಗೆ ಮರಳಿದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದಿರಬಹುದು. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತೀಯ ಕಾಲಮಾನವೆಂದು ಓದುತ್ತದೆ. ಸ್ಥಳೀಯ ಸಮಯವನ್ನೇ ಬಳಸುವಂತೆ ಲಿನಕ್ಸನ್ನು ಹೊಂದಿಸಿದರೆ ಸರಿಹೋಗುತ್ತದೆ.

ಎಲ್ಲಕ್ಕಿಂತ ಮೊದಲು ಮುಖ್ಯ ಕಡತಗಳ ಒಂದು ಪ್ರತಿಯನ್ನು ಬೇರೆಡೆ ಇಡಿ. ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬೂಟ್ ವ್ಯವಸ್ಥೆ ಬದಲಾದಾಗ ಅದು ಆ ಸಂಖ್ಯೆ ಕೇಳಬಹುದು. ಕೊಡಲಾಗದಿದ್ದರೆ ನಿಮ್ಮ ಡಿಸ್ಕ್ ನಿಮಗೇ ತೆರೆಯುವುದಿಲ್ಲ.