ಕಂಚಿಯ ಕಂಬದ ಮೇಲಣ ಕನ್ನಡ

ಕಂಚಿಯ ಹೆಸರು ನನ್ನ ಕಿವಿಗೆ ಮೊದಲು ಬಿದ್ದುದು ಪುರಾಣದಿಂದಲ್ಲ, ಚರಿತ್ರೆಯಿಂದಲೂ ಅಲ್ಲ, ಒಂದು ಹಲ್ಲಿಯಿಂದ. ಹಲ್ಲಿ ಮೈಮೇಲೆ ಬಿದ್ದರೆ ದೋಷವೆಂದೂ, ಕಂಚಿಗೆ ಹೋಗಿ ಅಲ್ಲಿನ ಚಿನ್ನದ ಹಲ್ಲಿಯನ್ನು ಮುಟ್ಟಿ ಬಂದವರನ್ನು ಮುಟ್ಟಿದರೆ ಆ ದೋಷ ಕಳೆಯುವುದೆಂದೂ ನಮ್ಮ ಕಡೆಯವರ ನಂಬುಗೆ. ನನ್ನ ಬಾಲ್ಯದಲ್ಲಿ ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿಯೊಬ್ಬರಿಗೆ ಈ ಅಧಿಕಾರವಿದ್ದಿತು. ಹಲ್ಲಿ ಬಿದ್ದ ಮಕ್ಕಳೆಲ್ಲ ಅವರಲ್ಲಿಗೆ ಹೋಗಬೇಕು, ಅವರು ಕೈ ನೀಡಬೇಕು. ಅಮ್ಮ ನನ್ನನ್ನು ಅಲ್ಲಿಗೆ ಕರೆದೊಯ್ಯುವಾಗಲೆಲ್ಲ, "ನಾನೇ ಒಂದು ಸಲ ಹೋಗಿಬಂದುಬಿಟ್ಟರೆ ನಿನ್ನನ್ನು ಹೀಗೆ ಎಳೆದು ತರುವುದು ತಪ್ಪುತ್ತದೆ" ಎಂದು ನಗುತ್ತಿದ್ದರು.

ಆ ನಗೆಯ ಹಿಂದೆ ಇದ್ದ ಆಸೆ ನನಗೆ ತಿಳಿದುದು ಬಹಳ ತಡವಾಗಿ. ಕಂಚಿಯ ವರದರಾಜನ ಗುಡಿಯ ಕೊಳದೊಳಗೆ ಅತ್ತಿಯ ಮರದ ವರದನೊಬ್ಬ ಮಲಗಿದ್ದಾನೆ. ನಲವತ್ತು ವರ್ಷಗಳಿಗೊಮ್ಮೆ ಅವನನ್ನು ನೀರಿನಿಂದ ಮೇಲಕ್ಕೆ ತಂದು, ಕೆಲವು ದಿನ ಜನರಿಗೆ ದರ್ಶನ ಮಾಡಿಸಿ, ಮತ್ತೆ ನೀರಿಗೇ ಒಪ್ಪಿಸುತ್ತಾರೆ. 1979ರಲ್ಲಿ ಅವನು ಮೇಲೆ ಬಂದಾಗ ನೆಂಟರೆಲ್ಲ ಹೊರಟರು. ಅಮ್ಮ ಹೊರಡಲಿಲ್ಲ, ಕೈಯಲ್ಲಿ ನಾನು ಎಳೆಗೂಸು. 2019ರಲ್ಲಿ ಮತ್ತೆ ಬಂದ. ಜುಲೈ 1ರಿಂದ ಆಗಸ್ಟ್ 17ರವರೆಗೆ ನಲವತ್ತೆಂಟು ದಿನ. ಮೊದಲು ಮಲಗಿದ ಭಂಗಿಯಲ್ಲಿ, ಬಳಿಕ ನಿಂತ ಭಂಗಿಯಲ್ಲಿ. "ನೂಕುನುಗ್ಗಲು ವಿಪರೀತವಂತೆ, ಸ್ವಲ್ಪ ತಗ್ಗಲಿ" ಎಂದು ನಾನು ವಾರದಿಂದ ವಾರಕ್ಕೆ ಮುಂದೂಡುತ್ತ ಬಂದೆ. ನೂಕುನುಗ್ಗಲು ತಗ್ಗಲಿಲ್ಲ, ದಿನಗಳು ಮುಗಿದುವು. ಮುಂದಿನ ದರ್ಶನ 2059ಕ್ಕೆ. ಎರಡು ಸಲವೂ ಅಡ್ಡ ಬಂದವನು ನಾನೇ. ಅಮ್ಮ ಒಂದು ದಿನವೂ ಹಾಗೆಂದು ಆಡಿದವರಲ್ಲ. ಆಡಿದ್ದರೆ ನನ್ನ ಭಾರ ಕೊಂಚ ಕಡಿಮೆಯಾಗುತ್ತಿದ್ದಿತೇನೊ.

ಎಂಬತ್ತು ದಾಟಿದ ಅವರನ್ನು ಕರೆದುಕೊಂಡು ಕಳೆದ ಮಾಘದಲ್ಲಿ ಕಂಚಿಗೆ ಹೊರಟುದು ಈ ಸಾಲವನ್ನು ಅಷ್ಟಾದರೂ ತೀರಿಸಬೇಕೆಂದು. ಇರುಳು ಬೆಂಗಳೂರು ಬಿಟ್ಟು ನಸುಕಿನಲ್ಲಿ ಇಳಿದೆವು. ಹೂವಿನ ಬುಟ್ಟಿಗಳು, ಕಾಫಿಯ ಪರಿಮಳ, ಆಗತಾನೆ ಇಟ್ಟ ರಂಗೋಲಿ. ನಡುನಡುವೆ ಸೀರೆಯಂಗಡಿಗಳ ಆಳುದ್ದದ ಫಲಕಗಳು. ಮೋಕ್ಷದಾಯಕವೆಂದು ಹೆಸರಾದ ಏಳು ಪುರಿಗಳಲ್ಲಿ ದಕ್ಷಿಣಕ್ಕಿರುವುದು ಇದೊಂದೇ. ಮೋಕ್ಷ ಮತ್ತು ರೇಷ್ಮೆ ಎರಡೂ ಒಂದೇ ಬೀದಿಯಲ್ಲಿ ದೊರೆಯುವ ಊರೆಂದು ನಾನು ಹೇಳಿದಾಗ, "ಎರಡಕ್ಕೂ ದುಡ್ಡು ನೀನೇ ಕೊಡಬೇಕು" ಎಂದರು ಅಮ್ಮ.

ಮೊದಲು ಕಾಮಾಕ್ಷಿ. ಕಬ್ಬಿನ ಬಿಲ್ಲು, ಹೂವಿನ ಬಾಣ ಹಿಡಿದು ಪದ್ಮಾಸನದಲ್ಲಿ ಕುಳಿತ ದೇವಿ. ಈ ಊರಿನ ಶಿವಾಲಯಗಳಲ್ಲಿ ಅಮ್ಮನವರಿಗೆ ಬೇರೆ ಗುಡಿಯಿಲ್ಲ. ಊರಿಗೆಲ್ಲ ಇವಳೊಬ್ಬಳೇ ಒಡತಿ. ಅಲ್ಲಿಂದ ಏಕಾಮ್ರನಾಥ. ಮುಗಿಲಿಗೆ ಎದ್ದ ಅದರ ರಾಜಗೋಪುರ ನಮ್ಮ ಕೃಷ್ಣದೇವರಾಯ 1509ರಲ್ಲಿ ಕಟ್ಟಿಸಿದ್ದು. ಒಳಗಿರುವುದು ಪೃಥ್ವೀಲಿಂಗ. ಮಾವಿನ ಮರದ ಕೆಳಗೆ ಪಾರ್ವತಿ ಮಣ್ಣಿನಿಂದ ಮಾಡಿ ಪೂಜಿಸಿದಳೆಂದೂ, ಹೊಳೆ ಉಕ್ಕಿ ಬಂದಾಗ ಕೊಚ್ಚಿಹೋಗದಂತೆ ತಬ್ಬಿ ಹಿಡಿದಳೆಂದೂ ಕಥೆ. ಮಣ್ಣಾದುದರಿಂದ ಲಿಂಗಕ್ಕೆ ನೀರೆರೆಯುವುದಿಲ್ಲ. ಅದನ್ನು ಕೇಳಿ ಅಮ್ಮ, "ಕೂಸನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಾರೆ" ಎಂದರು.

ಇಳಿಹೊತ್ತಿಗೆ ಕೈಲಾಸನಾಥನ ಗುಡಿಗೆ ಹೋದುದು ನನ್ನ ಹಟದಿಂದ. ಊರ ಅಂಚಿನ ಆ ಗುಡಿಗೆ ಯಾತ್ರಿಕರು ಹೆಚ್ಚಾಗಿ ಬರುವುದಿಲ್ಲ. ಎಂಟನೆಯ ಶತಮಾನದ ಮೊದಲಲ್ಲಿ ಪಲ್ಲವ ರಾಜಸಿಂಹ ಕಟ್ಟಿಸಿದ ಮರಳುಗಲ್ಲಿನ ಗುಡಿ. ಅಂಗಳದ ಸುತ್ತ ಐವತ್ತೆಂಟು ಪುಟ್ಟ ಗುಡಿಗಳ ಸಾಲು. ಮಳೆಗಾಳಿಗೆ ಸವೆದು ಸಿಂಹಗಳ ಮುಖ ಮಾಸಿದೆ. ಗರ್ಭಗುಡಿಯ ಸುತ್ತಲಣ ಇಕ್ಕಟ್ಟಾದ ದಾರಿಯನ್ನು ತೆವಳಿ ಹೊಕ್ಕು ತೆವಳಿಯೇ ಹೊರಬೀಳಬೇಕು. ಹಾಗೆ ಬಂದವನಿಗೆ ಮರುಹುಟ್ಟಿಲ್ಲವೆನ್ನುತ್ತಾರೆ. ನಾನು ತೆವಳಿದೆ. ಅಮ್ಮ ಹೊರಗೆ ಕುಳಿತು, "ನನಗೂ ಸೇರಿಸಿ ಬಾ" ಎಂದರು.

ನಾನು ನೋಡಬೇಕಾಗಿದ್ದುದು ಬೇರೆ. ಎದುರಿನ ಮಂಟಪದ ಕಂಬವೊಂದರ ಹಿಂಬದಿಯಲ್ಲಿ ಹಳಗನ್ನಡದ ಶಾಸನವೊಂದಿದೆ. ಅಕ್ಷರಗಳು ಸವೆದಿವೆ, ಬೆರಳಾಡಿಸುತ್ತ ಒಂದೆರಡನ್ನು ಗುರುತಿಸಿದಾಗ, ಪರ ಊರಿನ ಸಂತೆಯಲ್ಲಿ ಯಾರೋ ನಮ್ಮ ಹೆಸರು ಹಿಡಿದು ಕೂಗಿದಂತಾಯಿತು.

ಅಮ್ಮನಿಗೆ ಕಥೆ ಹೇಳಿದೆ. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಗೆದ್ದ. ಇಮ್ಮಡಿ ಪುಲಕೇಶಿಯಂಥ ಪುಲಕೇಶಿಯ ರಾಜಧಾನಿ ಶತ್ರುವಿನ ವಶವಾಯಿತು. ಗೆದ್ದವನು ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನ ಕೊರೆಯಿಸಿದ. ಆ ಬಂಡೆ ಇಂದಿಗೂ ಇದೆ. ನೂರು ವರ್ಷ ಕಳೆದು, ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಸೇನೆಯೊಡನೆ ಬಂದು ಕಂಚಿಯನ್ನು ಹೊಕ್ಕ. ಸೇಡಿಗೆ ಕಾರಣ ಬೇಕಾದಷ್ಟಿದ್ದಿತು. ಆದರೆ ಅವನು ಊರನ್ನು ಕೆಡಿಸಲಿಲ್ಲ. ಈ ಗುಡಿಗೆ ಬಂದು, ಇಲ್ಲಿನ ಹೊನ್ನನ್ನೂ ಸಂಪತ್ತನ್ನೂ ನೋಡಿ, ಎಲ್ಲವನ್ನೂ ದೇವರಿಗೇ ಬಿಟ್ಟುಕೊಟ್ಟ. ಕಂಬದ ಮೇಲಿರುವುದು ಅದೇ ಮಾತು. ಕೊನೆಗೊಂದು ಶಾಪ: ಈ ಅಕ್ಷರಗಳನ್ನು ಅಳಿಸಿದವರಿಗೆ, ಈ ಊರ ಘಟಿಕೆಯ ಮಹಾಜನರನ್ನು ಕೊಂದವರ ಗತಿ ಬರಲಿ ಎಂದು. ಘಟಿಕೆಯೆಂದರೆ ವಿದ್ಯಾಪೀಠ. ಕದಂಬ ಮಯೂರಶರ್ಮ ನಾಲ್ಕನೆಯ ಶತಮಾನದಲ್ಲಿ ಓದಲೆಂದು ಬಂದು, ಪಲ್ಲವರ ಕುದುರೆಯಾಳುಗಳೊಡನೆ ಜಗಳವಾಗಿ ಪುಸ್ತಕ ಬಿಟ್ಟು ಕತ್ತಿ ಹಿಡಿದುದು ಈ ಊರಿನ ಘಟಿಕೆಯಿಂದಲೇ ಎಂದು ತಾಳಗುಂದದ ಶಾಸನ ಹೇಳುತ್ತದೆ. ಗೆದ್ದ ದೊರೆಗೆ ಆಣೆಯಿಡಲು ಸೋತ ಊರಿನ ವಿದ್ವಾಂಸರಿಗಿಂತ ಪೂಜ್ಯರಾದವರು ತೋರಲಿಲ್ಲ!

ಅವನ ರಾಣಿ ಲೋಕಮಹಾದೇವಿ, ಗಂಡ ಮೂರು ಬಾರಿ ಕಂಚಿಯನ್ನು ಗೆದ್ದುದರ ನೆನಪಿಗೆ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯೇ ಇಂದಿನ ವಿರೂಪಾಕ್ಷ. ಅದರಲ್ಲಿ ಈ ಕೈಲಾಸನಾಥನ ಹೋಲಿಕೆಯಿದೆಯೆಂದು ಬಲ್ಲವರ ಮತ. ಚಿನ್ನವನ್ನು ಬಿಟ್ಟುಹೋದವರು ಚೆಲುವನ್ನು ಮಾತ್ರ ಕಣ್ಣಿನಲ್ಲಿ ತುಂಬಿಕೊಂಡು ಹೋದರೆನ್ನಬೇಕು.

"ಗೆದ್ದವನು ಹಾಗೇಕೆ ಬಿಟ್ಟುಹೋದ?" ಎಂದು ಅಮ್ಮ ಕೇಳಿದರು. ರಾಜನೀತಿ, ಕೀರ್ತಿಕಾಮ, ಶಿವಭಕ್ತಿ ಎಂದು ನಾನು ಓದಿದುದನ್ನೆಲ್ಲ ಒಪ್ಪಿಸಿದೆ.

"ನೀನೇ ಹೇಳಿದೆಯಲ್ಲ, ಒಳಗೆ ಹೋಗಿ ನೋಡಿದ ಅಂತ. ನೋಡಿದ ಮೇಲೆ ಒಡೆಯುವುದಕ್ಕೆ ಕೈ ಹೇಗೆ ಬರುತ್ತದೆಯೋ?" ಎಂದರು. ಸ್ವಲ್ಪ ತಡೆದು, "ಅದಿರಲಿ, ಇವರು ಮತ್ತೆ ಊರನ್ನು ಪಡೆದಾಗ ಆ ಬರಹವನ್ನು ಯಾಕೆ ಕೆತ್ತಿಹಾಕಲಿಲ್ಲ?" ಎಂದರು.

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ನಮ್ಮ ದೊರೆಯ ಔದಾರ್ಯವನ್ನು ಮೆಚ್ಚಲೆಂದು ನಾನು ಬಂದಿದ್ದೆ. ಚಾಲುಕ್ಯರು ಹೋದರು, ಪಲ್ಲವರು ಮರಳಿದರು, ಚೋಳರು ಬಂದರು. ತಮ್ಮ ಊರು ಸೋತುದನ್ನು ಸಾರುವ ಪರಭಾಷೆಯ ಬರಹವನ್ನು ಉಳಿಯಗೊಟ್ಟವರು ಇವರೆಲ್ಲ. ಸುಮಾರು 1,280 ವರ್ಷಗಳಿಂದ ಅದು ಅಲ್ಲಿಯೇ ಇದೆ. ಬಿಟ್ಟುಕೊಟ್ಟವನ ಹೆಸರು ಕಲ್ಲಿನ ಮೇಲಿದೆ. ಬಿಟ್ಟು ಉಳಿಸಿದವರ ಹೆಸರು ಎಲ್ಲಿಯೂ ಇಲ್ಲ.

ಸಂಜೆ ವರದರಾಜನ ಗುಡಿ. ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಅಮ್ಮ ನನ್ನ ತೋಳು ಹಿಡಿದು, ಒಂದೊಂದಕ್ಕೂ ನಿಂತು, ಹತ್ತಿದರು. ದರ್ಶನವಾಯಿತು, ಚಿನ್ನದ ಹಲ್ಲಿಯನ್ನೂ ಬೆಳ್ಳಿಯ ಹಲ್ಲಿಯನ್ನೂ ಮುಟ್ಟಿದ್ದಾಯಿತು. ಬಳಿಕ ಅನಂತಸರಸ್ಸಿನ ಬಳಿಗೆ ಬಂದೆವು. ಹಸುರು ನೀರು, ನಡುವೆ ಮಂಟಪ, ಅದರ ಕೆಳಗೆಲ್ಲೊ ಅತ್ತಿಯ ವರದ. ದಾರಿಯುದ್ದಕ್ಕೂ ಗಂಟಲಲ್ಲಿ ನಿಂತಿದ್ದ ಮಾತನ್ನು ಅಲ್ಲಿ ಆಡಿದೆ. "ಎರಡು ಸಲವೂ ನನ್ನಿಂದಲೇ ತಪ್ಪಿಹೋಯಿತು, ಅಮ್ಮ."

ಅವರು ನೀರನ್ನೇ ನೋಡುತ್ತಿದ್ದರು. "ಎಂಬತ್ತು ವರ್ಷದಲ್ಲಿ ಎರಡೇ ಸಲ ಅವನು ನನಗೆ ತಪ್ಪಿದ್ದು. ನೀನು ತಪ್ಪಿದ್ದರೆ?" ಎಂದರು. ಆಮೇಲೆ, "ಇಲ್ಲೇ ಇದ್ದಾನಲ್ಲ. ಮಲಗಲಿ ಬಿಡು" ಎಂದು ಕೈಮುಗಿದು ಹಿಂದಿರುಗಿದರು. ನನಗೆ ಮಾತು ಹೊರಡಲಿಲ್ಲ. ಬಸ್ಸಿನಲ್ಲಿ ಮಾತ್ರ, ಸೀರೆ ಕೊಡಿಸದೆ ಕರೆತಂದೆನೆಂದು ನೆನಪಿಸಿದರು.

ಊರಿಗೆ ಬಂದು ತಿಂಗಳಾಗಿರಲಿಲ್ಲ. ಒಂದು ಬೆಳಗ್ಗೆ ಎದುರುಮನೆಯ ಹುಡುಗನೊಬ್ಬ ಅಳುತ್ತ ಬಾಗಿಲಲ್ಲಿ ನಿಂತಿದ್ದ; ಹೆಗಲ ಮೇಲೆ ಹಲ್ಲಿ ಬಿದ್ದಿತಂತೆ. ಅಮ್ಮ ಹೂ ಕಟ್ಟುವುದನ್ನು ನಿಲ್ಲಿಸಿ, ಸೆರಗಿನಿಂದ ಕೈ ಒರೆಸಿಕೊಂಡು, "ಬಾರೋ ಇಲ್ಲಿ" ಎಂದು ಕೈ ನೀಡಿದರು.